ಎರಡು ವರ್ಷ ಮಾರಾಟವಾಗದ ರಂಟಿ

ಅಧ್ಯಾಪಕ ಬಂಧುಗಳೇ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಚಿಕ್ಕೋಡಿಗೆ ಬಂದಿರುವ ವಿದ್ಯಾರ್ಥಿಗಳೇ,

ಎಂಜಿನಿಯರಿಂಗ್ ಮತ್ತು ಉದ್ಯಮದ ಮಾತು ಬಂದರೆ ನಾವೆಲ್ಲ ಬೆಂಗಳೂರಿನತ್ತ ಮುಖ ಮಾಡುತ್ತೇವೆ. ನಾನು ಇನ್ನೊಂದು ದಿಕ್ಕು ತೋರಿಸುತ್ತೇನೆ. ಕಾಗವಾಡ ದಾಟಿ, ಮಿರಜದಲ್ಲಿ ಪುಣೆಯ ಕಡೆಯ ರೈಲು ಹತ್ತಿದರೆ ದಾರಿಯಲ್ಲಿ ಕಿರ್ಲೋಸ್ಕರವಾಡಿ ಸಿಗುತ್ತದೆ. ಆ ಊರು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಅವರು ವೃತ್ತಿಯಿಂದ ಮಾಸ್ತರರು. ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ್ದರು, ಬಣ್ಣ ಗುರುತಿಸುವಲ್ಲಿ ಕಣ್ಣು ಕೈಕೊಟ್ಟಿತು. ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲವಲ್ಲ! ಅದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸಿದರು. ತಮಗೆ ಬರಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ 1888ರಲ್ಲಿ ಅಣ್ಣನ ಜೊತೆ ತೆರೆದ ಸೈಕಲ್ ಅಂಗಡಿಯಿತ್ತು.

ಸೈಕಲ್ ಪರದೇಶದ್ದು, ಮಾರಿದರೆ ಮುಗಿಯಿತು. ಮಾಸ್ತರರ ಕಣ್ಣು ಹೊಲದ ಮೇಲಿತ್ತು. ಮೊದಲು ಕಣಕಿ ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ರಂಟಿ. ಕಟ್ಟಿಗೆಯ ರಂಟಿ ನೆಲವನ್ನು ಸೀಳುತ್ತದೆ. ಕಬ್ಬಿಣದ್ದು ಆಳಕ್ಕಿಳಿದು ಮಣ್ಣನ್ನೇ ಹೊರಳಿಸುತ್ತದೆ. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರು. ಕಟ್ಟಿಗೆಯ ರಂಟಿಯ ಕುಳವೂ ಕಬ್ಬಿಣದ್ದೇ ಎಂಬುದು ಬೇರೆ ಮಾತು! ಮೊದಲ ರಂಟಿ ಮಾರಾಟವಾಗಲು ಎರಡು ವರ್ಷ ಹಿಡಿಯಿತು. ನಮ್ಮ ಪ್ರಯೋಗಾಲಯದ ಯಾವ ಯಂತ್ರವಾದರೂ ಇಂಥ ಪರೀಕ್ಷೆಗೆ ಕೂತಿದೆಯೇ? ನಮ್ಮಲ್ಲಿ ಬಾಹ್ಯ ಪರೀಕ್ಷಕರು ಸಹಿ ಹಾಕಿದ ಮರುದಿನವೇ ಪ್ರಾಜೆಕ್ಟು ಗುಜರಿಗೆ.

ಬೆಳಗಾವಿ ಊರು ಬೆಳೆದಂತೆ ನಗರಸಭೆ ಅವರ ಕಾರ್ಯಾಗಾರದ ಜಾಗ ಬಿಡಿಸಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ ಬಳಿ 32 ಎಕರೆ ಬೀಳುಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಬಡ್ಡಿರಹಿತ ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಕಡಿದು ಕಾರ್ಖಾನೆ ಎಬ್ಬಿಸಿದರು. ಅಲ್ಲಿ ಯಂತ್ರಗಳ ವಿನ್ಯಾಸ ನೋಡಿಕೊಂಡ ಅನಂತರಾವ್ ಫಳಣೀಕರರು ಓದು ಅರ್ಧಕ್ಕೆ ಬಿಟ್ಟವರು. ಅಂಕಪಟ್ಟಿಯಲ್ಲಿ ಕಾಣದ್ದು ಈ ಮಾಸ್ತರರಿಗೆ ಕಂಡಿತ್ತು. ಕಾಲೇಜು ಬಿಟ್ಟರೂ ಅವರು ಕಲಿಸುವುದನ್ನು ಬಿಟ್ಟಿರಲಿಲ್ಲ ಎಂದೇ ನನ್ನ ತಿಳಿವಳಿಕೆ.

ಮುಂದೆ ಇದೇ ಮನೆತನ 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಹಾಕಿತು. ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಶಿರೋಲಿಯ ಎರಕದ ಕಾರ್ಖಾನೆಗಳೆಲ್ಲ ಒಬ್ಬರಿಂದಲೇ ಹುಟ್ಟಿದವು ಎಂದರೆ ಅತಿಯಾದೀತು. ಕಬ್ಬಿಣ ಕರಗಿಸಿ ಹೊಟ್ಟೆ ಹೊರೆಯಬಹುದೆಂಬ ಧೈರ್ಯವನ್ನು ಈ ಸೀಮೆಗೆ ಮೊದಲು ಕೊಟ್ಟವರಲ್ಲಿ ಅವರೊಬ್ಬರು, ಅಷ್ಟು ನಿಶ್ಚಿತ.

ಈಗ ನಮ್ಮ ಹೊಲಗಳಿಗೆ ಬನ್ನಿ. ಕಬ್ಬು ಕಡಿಯುವ ಗ್ಯಾಂಗ್ ಬರುವ ತನಕ ರೈತ ಕಾಯುತ್ತಾನೆ. ದೊಡ್ಡ ಕಟಾವು ಯಂತ್ರ ಎರಡೆಕರೆಯ ತುಂಡಿನಲ್ಲಿ ತಿರುಗಲಾರದು. ಕೃಷ್ಣೆಯ ದಂಡೆಯಲ್ಲಿ ಅತಿ ನೀರುಂಡ ಭೂಮಿ ಸವಳು ಹಿಡಿದಿದೆ. 2019ರ ಮಹಾಪೂರದಲ್ಲಿ ಪಂಪು ಮೋಟಾರುಗಳು ನೀರುಪಾಲಾದವು. ನೀರು ಏರುವ ಮುನ್ನ ಅವನ್ನು ಸುಲಭವಾಗಿ ಮೇಲೆಳೆಯುವ ಅಗ್ಗದ ವ್ಯವಸ್ಥೆ ಇನ್ನೂ ಮನೆಮಾತಾಗಿಲ್ಲ. ಇವು ಯಾವುದೇ ಪರದೇಶದ ಜರ್ನಲಿನಲ್ಲಿ ಬರೆದುಕೊಟ್ಟಿರದ ಪ್ರಶ್ನೆಗಳು.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಒಂದೇ. ಈ ವರ್ಷದ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟುಗಳಲ್ಲಿ ಕೆಲವನ್ನಾದರೂ ಒಬ್ಬ ರೈತನ ಹೊಲದಲ್ಲಿ ಒಂದು ಹಂಗಾಮು ಓಡಿಸಿ ನೋಡಿ. ಅಂಕ ಕೊಡುವ ಮುನ್ನ ಆ ರೈತನನ್ನೂ ಕೇಳಿ: ‘ಇದನ್ನ ರೊಕ್ಕ ಕೊಟ್ಟು ತಗೋತೀಯೇನಪಾ?’