ಗಣಕಯಂತ್ರದೊಡನೆ ಸಂಧಿ-ವಿಗ್ರಹ

ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಈಚೆಗೆ ಒಂದು ಸಾಮ್ರಾಜ್ಯ ಮುಳುಗಿಹೋಯಿತು. ಅದನ್ನು ಕಟ್ಟಿದವನು ನನ್ನ ತಮ್ಮನ ಮಗ, ಹದಿನಾರರ ಹುಡುಗ. ರಜೆಗೆಂದು ಬಂದವನು ಕಂಪ್ಯೂಟರಿನ ಮುಂದೆ ಕುಳಿತು, ನಕ್ಷತ್ರಗಳ ನಡುವೆ ಊರು ಹೂಡಿ, ಆಕಾಶದ ಹಡಗುಗಳನ್ನು ಕಟ್ಟಿಸಿ, ನೆರೆಯ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಂಡು ಆಳುತ್ತಿದ್ದ. ಆ ನೆರೆಯವರಲ್ಲಿ ಒಬ್ಬರೂ ಮನುಷ್ಯರಲ್ಲ. ಎಲ್ಲರನ್ನೂ ಆಡಿಸುವುದು ಯಂತ್ರವೇ. ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದ.

“ದೊಡ್ಡಪ್ಪಾ, ನಲವತ್ತು ವರ್ಷ ದೋಸ್ತ ಇದ್ದಾಂವ ಕರಾರು ಮುರದು ನನ್ನ ಮ್ಯಾಲೆ ದಂಡ ತಂದಾನ್ರಿ. ಮೋಸ ಮಾಡಿಬಿಟ್ಟಾ!”

ನಲವತ್ತು ವರ್ಷವೆಂದರೆ ಆಟದ ವರ್ಷ; ನಮ್ಮ ಲೆಕ್ಕದಲ್ಲಿ ಎರಡು ದಿನ. ಆದರೂ ಹುಡುಗನ ಸಂಕಟ ಸುಳ್ಳಾಗಿರಲಿಲ್ಲ. ಅವನ ಪಕ್ಕ ಕುಳಿತು, ಈ ಮೋಸ ಹೇಗೆ ನಡೆಯಿತೆಂದು ನೋಡತೊಡಗಿದೆ. ನೋಡುತ್ತ ಹೋದಂತೆ ಅದು ಮೋಸವೇ ಅಲ್ಲವೆಂದು ತೋರಿತು.

ಆ ಆಟದ ಹೆಸರು ಸ್ಟೆಲಾರಿಸ್. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆಯವರು 2016ರಲ್ಲಿ ಹೊರತಂದದ್ದು. ಅದರಲ್ಲಿ ಪ್ರತಿಯೊಂದು ನೆರೆರಾಜ್ಯವೂ ನಿಮ್ಮ ಮೇಲೆ ಒಂದು ಅಭಿಪ್ರಾಯ ಇಟ್ಟುಕೊಂಡಿರುತ್ತದೆ, ಮತ್ತು ಆ ಅಭಿಪ್ರಾಯ ಒಂದು ಅಂಕಿ. ಅಂಕಿಯ ಮೇಲೆ ಬಾಣದ ಗುರುತನ್ನು ಇಟ್ಟರೆ ಲೆಕ್ಕವೆಲ್ಲ ಬಿಚ್ಚಿಕೊಳ್ಳುತ್ತದೆ: ಒಪ್ಪಂದದಿಂದ ಬೆಳೆದ ನಂಬಿಕೆಗೆ ಇಷ್ಟು ಜಮಾ, ಗಡಿಯ ತಿಕ್ಕಾಟಕ್ಕೆ ಇಷ್ಟು ಖರ್ಚು, ನಿಮ್ಮಿಂದಾಗುವ ಅಂಜಿಕೆಗೆ ಇಷ್ಟು ಖರ್ಚು. ನಮ್ಮ ಪೇಟೆಯ ಕಿರಾಣಿ ಅಂಗಡಿಯ ಉದ್ರಿ ವಹಿ ನೋಡಿದ್ದೀರಲ್ಲ? ಹಾಗೆಯೇ. ಅಂಗಡಿಯವರು ನಕ್ಕು ಮಾತಾಡಿಸಿದರೂ ವಹಿಯಲ್ಲಿ ಬರೆದದ್ದು ಅಳಿಯುವುದಿಲ್ಲ. ಇಲ್ಲಿಯ ರಾಜನು ಎಷ್ಟು ಸವಿಯಾಗಿ ಓಲೆ ಕಳುಹಿದರೂ ನಂಬತಕ್ಕದ್ದು ಆ ಅಂಕಿಯನ್ನೇ.

ನಮ್ಮ ಹುಡುಗ ಓಲೆಯನ್ನು ನಂಬಿದ್ದ. ನಡುವೆ ಎರಡು ಸಣ್ಣ ರಾಜ್ಯಗಳನ್ನು ನುಂಗಿದ್ದ; ಗೆಳೆಯನಿಗೂ ಇದಕ್ಕೂ ಏನು ಸಂಬಂಧ ಎಂದುಕೊಂಡಿದ್ದ. ಸಂಬಂಧ ಉಂಟು. ನೀವು ಒಬ್ಬನ ನೆಲ ಕಿತ್ತುಕೊಂಡರೆ ಸುತ್ತಲಿನ ಎಲ್ಲರ ವಹಿಯಲ್ಲಿಯೂ ಅಂಜಿಕೆಯ ಬಾಬು ಏರುತ್ತದೆ. ಅಷ್ಟೇ ಅಲ್ಲ, ಒಬ್ಬನಿಗೇ ಅಂಜುವವರು ಪರಸ್ಪರ ಹತ್ತಿರವಾಗುತ್ತಾರೆ. ಆ ಬಾಬು ಕಾಲ ಕಳೆದಂತೆ ಇಳಿಯುತ್ತದೆ; ಆದರೆ ಕಾಯುವ ತಾಳ್ಮೆ ಬೇಕು. ಒಂದು ತುತ್ತು ನುಂಗಿದ ಮೇಲೆ ಸುಮ್ಮನಿದ್ದು, ರಾಯಭಾರಿಗಳನ್ನು ಅಟ್ಟಿ, ಸಂಬಂಧ ತಿದ್ದಿಕೊಂಡು ಮುಂದಿನ ತುತ್ತಿಗೆ ಕೈಹಾಕಬೇಕು. ನಂಬಿಕೆ ವರ್ಷಗಟ್ಟಲೆ ಹನಿಹನಿಯಾಗಿ ಕೂಡುವಂಥದು. ಯುದ್ಧ ಬಾಗಿಲಿಗೆ ಬಂದಾಗ ಕೊಳ್ಳಲು ಸಿಕ್ಕುವುದಿಲ್ಲ.

ಇನ್ನೊಂದು ಬಾಬು ಬಲದ್ದು. ಗೆಳೆತನವಿದೆಯೆಂದು ನೌಕಾಬಲ ಕಡಿಮೆ ಮಾಡಿದಿರೋ, ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹುಡುಗ ಅದನ್ನೂ ಮಾಡಿದ್ದ. ದುಡ್ಡು ಉಳಿಯಿತೆಂದು ಹಿಗ್ಗಿದ್ದ.

ಎಲ್ಲ ಯಂತ್ರರಾಜರೂ ಒಂದೇ ಅಚ್ಚಿನವರಲ್ಲ. 1993ರಲ್ಲಿ ಬಂದ ಮಾಸ್ಟರ್ ಆಫ್ ಓರಿಯನ್ ಎಂಬ ಹಳೆಯ ಆಟದಲ್ಲಿಯೇ ಒಬ್ಬ ಮಾತಿಗೆ ನಿಲ್ಲುವವನು, ಒಬ್ಬ ಶಾಂತಿಪ್ರಿಯ, ಒಬ್ಬ ನಿರ್ದಯಿ, ಮತ್ತೊಬ್ಬ ಕಾರಣವಿಲ್ಲದೆ ತಿರುಗಿಬೀಳುವ ಚಂಚಲ. ಸ್ಟೆಲಾರಿಸ್‌ನಲ್ಲಿ ಪರರನ್ನು ಇಲ್ಲವಾಗಿಸುವುದೇ ವ್ರತವೆಂದುಕೊಂಡವರೂ ಇದ್ದಾರೆ. ಅವರೊಡನೆ ರಾಯಭಾರ ವ್ಯರ್ಥ. ಮೊದಲ ಭೇಟಿಯಲ್ಲಿಯೇ ನೆರೆಯವನ ಸ್ವಭಾವ ಓದಿಕೊಂಡರೆ ಅರ್ಧ ಕೆಲಸವಾದಂತೆ.

ಅಂಜಿಕೆಯ ಬಾಬಿನ ಮಾತು ಬಂದಾಗ ನನಗೆ ಹೊಳೆಯ ದಂಡೆಯ ಆನೆಗೊಂದಿ ನೆನಪಾಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯೆಲ್ಲ ಕೃಷ್ಣೆ-ತುಂಗಭದ್ರೆಯರ ನಡುವಣ ನೆಲ; ವಿಜಯನಗರದವರೂ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದ ನೆಲ. ಅಳಿಯ ರಾಮರಾಯ 1543ರಲ್ಲಿ ಅಹಮದನಗರದವರನ್ನು ಕೂಡಿಕೊಂಡು ವಿಜಾಪುರದ ಮೇಲೆ ಹೋದ. ಆ ದಶಕ ಕಳೆದು ಮತ್ತೊಂದು ಮುಗಿಯುವ ಹೊತ್ತಿಗೆ ವಿಜಾಪುರದವರನ್ನು ಕೂಡಿಕೊಂಡು ಅಹಮದನಗರದ ಮೇಲೆ ಹೋದ.  ಗೆದ್ದಷ್ಟೂ ನಾಲ್ಕು ವಹಿಗಳಲ್ಲಿ ಒಂದೇ ಹೆಸರಿನ ಮುಂದೆ ಖರ್ಚು ಏರುತ್ತಿತ್ತು. ಒಬ್ಬರನ್ನೊಬ್ಬರು ಕಂಡರಾಗದ ಅಹಮದನಗರ-ವಿಜಾಪುರಗಳು ಚಾಂದಬೀಬಿಯ ಮದುವೆಯಿಂದ ಬೀಗರಾದರು. 1565ರ ಜನವರಿಯಲ್ಲಿ ರಕ್ಕಸತಂಗಡಿ ನಡೆಯಿತು. ಇದನ್ನು ಹೇಳಿದಾಗ ಹುಡುಗ, “ಅವರಿಗೂ ಅಂಕಿ ಕಾಣ್ತಿದ್ರ ಛಲೋ ಇತ್ತು” ಎಂದ.

ಆದರೆ ಎಲ್ಲವೂ ಅಂಕಿಗೆ ಸಿಕ್ಕುವುದಿಲ್ಲ. ಗಂಗಾವತಿಯ ಕಡೆಯ ಕುಮ್ಮಟದುರ್ಗವನ್ನೇ ನೋಡಿ. 1327ರ ಸುಮಾರಿಗೆ ದಿಲ್ಲಿಯ ಮಹಮ್ಮದ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಸೋತು ಓಡಿಬಂದು ಕಂಪಿಲರಾಯನ ಮೊರೆಹೊಕ್ಕ. ಒಪ್ಪಿಸೆಂದು ಸುಲ್ತಾನನ ದಂಡು ಬಂತು. ರಾಯ ಒಪ್ಪಿಸಲಿಲ್ಲ. ಕೋಟೆ ಉಳಿಯದೆಂದು ಕಂಡಾಗ ಆಶ್ರಿತನನ್ನು ಬೇರೊಬ್ಬ ಅರಸನ ಬಳಿಗೆ ಸಾಗಿಸಿ, ತಾನು ಕಾದಿ ಮಡಿದ. ರಾಣಿವಾಸ ಬೆಂಕಿಗೆ ಬಿತ್ತು. ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಆ ಬೇರೊಬ್ಬ ಅರಸ ದೋರಸಮುದ್ರದ ಮೂರನೆಯ ಬಲ್ಲಾಳ. ಅವನು ಬಲಾಬಲ ತೂಗಿ ನೋಡಿ ಬಹಾವುದ್ದೀನನನ್ನು ಒಪ್ಪಿಸಿಬಿಟ್ಟ. ಅವನ ರಾಜ್ಯ ಆ ಸಲ ಉಳಿಯಿತು. ಬಲ್ಲಾಳ ಮಾಡಿದ್ದನ್ನು ಯಾವ ಯಂತ್ರರಾಜನಾದರೂ ಮಾಡಿಯಾನು. ಆದರೆ ನಮ್ಮ ಕಡೆಯ ಜನ ಆರುನೂರು ವರ್ಷಗಳಿಂದ ಹಾಡಿಕೊಂಡು ಬಂದಿರುವುದು ಕುಮ್ಮಟದ ಕುಮಾರರಾಮನನ್ನು, ಕಂಪಿಲರಾಯನ ಮಗನನ್ನು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಂಗ ಮಾಡಾಕ ಈ ಆಟದಾಗ ಗುಂಡಿ ಎಲ್ಲೈತ್ರಿ?” ಎಂದು ಕೇಳಿದ. ನಾನೂ ಅವನೂ ಹುಡುಕಿದೆವು, ನಮಗೆ ಸಿಕ್ಕಲಿಲ್ಲ.

ಮರುದಿನ ಹೊಸ ಆಟ ಹೂಡಿದ. ಮೊದಲ ನೆರೆಯವನು ಕಂಡೊಡನೆ ರಾಯಭಾರಿಯನ್ನು ಅಟ್ಟಿ, ಅಂಕಿ ಏರುವುದನ್ನೇ ಕಾಯುತ್ತ ಕುಳಿತಿದ್ದ. ಒಳಗಿನಿಂದ ಊಟಕ್ಕೆ ಮೂರು ಸಲ ಕರೆದಾಗಿತ್ತು.