ಕೊಲಂಬಿಯಾದ ಮಾತು, ಕೊರಿಯಾದ ಪರೀಕ್ಷೆ

(ಜೋಗೇಶ್ವರಿಯ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಕೊರಿಯಾದ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ಇದರಲ್ಲಿ ನಮ್ಮ ಮಂಗಳೂರೂ ಬರುತ್ತದೆ, ಕೊಡಗೂ ಬರುತ್ತದೆ. ತುಸು ಸಾವಧಾನದಿಂದ ಕೇಳಬೇಕೆಂದು ಪ್ರಾರ್ಥನೆ.

1949ರ ಅಕ್ಟೋಬರ್ 17ರಂದು ಪಂಡಿತ ನೆಹರೂ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೌರವ ಡಾಕ್ಟರೇಟ್ ಸ್ವೀಕರಿಸಿ ಮಾತನಾಡಿದರು. ಆಗ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು ಜನರಲ್ ಐಸೆನ್‌ಹೋವರ್. ಜಗತ್ತು ಎರಡು ಬಣವಾಗಿ ಒಡೆಯುತ್ತಿದ್ದ ಕಾಲವದು. ಭಾರತ ಯಾವ ಬಣಕ್ಕೂ ಸೇರದೆ ಒಂದೊಂದು ವಿವಾದವನ್ನೂ ಸ್ವತಂತ್ರವಾಗಿ ತೂಗಿ ನೋಡುವುದು. ಪರಾಧೀನ ಜನರ ಬಿಡುಗಡೆಯೂ ವರ್ಣಭೇದದ ನಿವಾರಣೆಯೂ ಅದರ ಗುರಿ ಎಂಬುದು ಅವರ ವಾದದ ತಿರುಳು. ಕೇಳುವುದಕ್ಕೇನೋ ಚೆನ್ನ. ಇದು ಎಡಬಿಡಂಗಿತನವಲ್ಲವೇ ಎಂದು ಆಗಲೂ ಕೇಳಿದವರುಂಟು, ಈಗಲೂ ಕೇಳುವವರುಂಟು. ಉತ್ತರವನ್ನು ಭಾಷಣದಲ್ಲಿ ಹುಡುಕುವುದಕ್ಕಿಂತ, ಅದನ್ನು ನಡೆಸಿಕೊಡಬೇಕಾಗಿ ಬಂದವರ ಪಾಡಿನಲ್ಲಿ ಹುಡುಕುವುದು ಮೇಲು.

ಎಂಟೇ ತಿಂಗಳು ಕಳೆಯಿತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು. (ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ನಮ್ಮ ಮುಂಬಯಿಯಲ್ಲಿದ್ದ ರಾಮರಾಯರು ಇವರ ತಮ್ಮ.) ಉತ್ತರ ಕೊರಿಯಾ ತನ್ನ ಸೈನ್ಯವನ್ನು ಹಿಂದೆಗೆಯಬೇಕೆಂಬ ಜೂನ್ 25ರ ನಿರ್ಣಯಕ್ಕೆ ಅವರು ಮತ ಕೊಟ್ಟರು. ಎರಡು ದಿನಗಳ ಮೇಲೆ ದಕ್ಷಿಣಕ್ಕೆ ನೆರವು ನೀಡುವ ನಿರ್ಣಯ ಬಂದಾಗ ದೆಹಲಿಯ ಸೂಚನೆ ಕೈಸೇರಿರಲಿಲ್ಲ, ಮತ ಹಾಕಲಿಲ್ಲ. ಭಾರತ ಅನಂತರ ಅದನ್ನೂ ಒಪ್ಪಿತು, ಆದರೆ ಕಳಿಸಿದ್ದು ಕಾದುವ ದಳವನ್ನಲ್ಲ, ವೈದ್ಯಕೀಯ ದಳವನ್ನು. 1951ರ ಫೆಬ್ರವರಿಯಲ್ಲಿ ಚೀನವನ್ನು ಆಕ್ರಮಣಕಾರಿಯೆಂದು ಸಾರುವ ನಿರ್ಣಯಕ್ಕೆ ವಿರುದ್ಧ ಮತ ಕೊಟ್ಟಿತು. ಒಮ್ಮೆ ಇವರಿಗೆ ಮುನಿಸು, ಒಮ್ಮೆ ಅವರಿಗೆ! ಸುಮ್ಮನೆ ಕುಳಿತವನಿಗೆ ಇಷ್ಟು ಜನ ಮುನಿಯುವುದಿಲ್ಲ.

1953ರಲ್ಲಿ ಕದನ ನಿಂತಿತು. ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಸೆರೆಯಾಳುಗಳನ್ನು ಯಾರ ವಶಕ್ಕೆ ಕೊಡುವುದು? ಎರಡು ಪಕ್ಷಗಳೂ ಒಪ್ಪಿದ್ದು ಭಾರತವನ್ನು. ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯನವರು. ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲವನ್ನು ಮೆಟ್ಟಕೂಡದೆಂದರು. ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ನಿಸ್ಸೈನಿಕ ವಲಯಕ್ಕೆ ಸಾಗಿಸಬೇಕಾಯಿತು. ಶಿಬಿರಗಳೊಳಗೆ ಗಲಭೆ, ಊರಿಗೆ ಮರಳುತ್ತೇನೆಂದವನ ಪ್ರಾಣಕ್ಕೆ ಜೊತೆಯವರಿಂದಲೇ ಅಪಾಯ. 1954ರ ಜನವರಿಯಲ್ಲಿ, ಉಳಿದವರನ್ನು ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲವೆಂದು ಹೇಳಿ, ಮೊದಲು ಸೆರೆಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಲು ತಿಮ್ಮಯ್ಯನವರು ತೀರ್ಮಾನಿಸಿದರು. ಯಾರಿಗೂ ಪೂರ್ತಿ ಸಮಾಧಾನವಾಗಲಿಲ್ಲ.

ಆದರೂ, ಹತ್ತು ವರ್ಷಗಳ ಮೇಲೆ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಾದಾಟವಾದಾಗ, ಅಲ್ಲಿಯ ಶಾಂತಿಸೇನೆಯನ್ನು ನಡೆಸಲು ವಿಶ್ವಸಂಸ್ಥೆ ಕರೆದದ್ದು ಅವರನ್ನೇ. 1965ರ ಡಿಸೆಂಬರಿನಲ್ಲಿ, ಆ ಕರ್ತವ್ಯದಲ್ಲಿರುವಾಗಲೇ, ಅವರು ಅಲ್ಲಿ ತೀರಿಕೊಂಡರು.