ಬಹಳ ದಿನ ನಿಂತ ಟ್ರಾಕ್ಟರು ಶುರುವಾಗದಿದ್ದರೆ

ಭರಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ ಎನ್ನೋಣ. ಕೊಟ್ಟಿಗೆಯ ಪಕ್ಕ ಒಂದೆರಡು ವರ್ಷದಿಂದ ನಿಂತಿರುವ ಹಳೆಯ ಡೀಸಲ್ ಟ್ರಾಕ್ಟರನ್ನು ಹೊರಡಿಸಲು ಹೋಗುತ್ತೀರಿ. ಅದು ಜಪ್ಪಯ್ಯ ಎಂದರೂ ಶುರುವಾಗುವುದಿಲ್ಲ. ಹದ ನಮಗಾಗಿ ಕಾಯುವುದಿಲ್ಲ, ನಿಜ. ಹಾಗೆಂದು ಕೀಲಿಯನ್ನು ತಿರುಗಿಸಿದ್ದೇ ತಿರುಗಿಸುವುದು, ಇನ್ನೊಂದು ಟ್ರಾಕ್ಟರಿಗೆ ಕಟ್ಟಿ ಎಳೆಸುವುದು ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ಇಂಜಿನ್ನು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ನಾವು ಕ್ರಮವಾಗಿ ಕೇಳಬೇಕು, ಅಷ್ಟೆ.

ಕೀಲಿ ಮುಟ್ಟುವ ಮೊದಲೇ ಮಾಡತಕ್ಕ ಕೆಲಸ ಉಂಟು. ಗೇರನ್ನು ನ್ಯೂಟ್ರಲಿಗೆ ತನ್ನಿ, ಚಕ್ರಕ್ಕೆ ಕಲ್ಲು ಕೊಡಿ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನೋಡಿ. ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಇಂಜಿನ್ನನ್ನು ಓಡಿಸಕೂಡದು. ಮೇಲ್ಮುಖವಾದ ಹೊಗೆ ಕೊಳವೆಗೆ ಮುಚ್ಚಳವಿರದಿದ್ದರೆ ಮಳೆನೀರು ಸಿಲಿಂಡರಿಗೇ ಇಳಿದಿರಬಹುದು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರಬಹುದು, ವೈರನ್ನೂ ಕಡಿದಿರಬಹುದು. ಇಷ್ಟು ನೋಡಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಇಂಜಿನ್ನಿನ ಮುಂದಿನ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ನಿಧಾನವಾಗಿ 2 ಪೂರ್ತಿ ಸುತ್ತು ತಿರುಗಿಸಿ. ನಡುವೆ ಗಟ್ಟಿಯಾಗಿ ನಿಂತುಬಿಟ್ಟರೆ ಬಲಾತ್ಕಾರ ಮಾಡಬೇಡಿ, ಮೆಕ್ಯಾನಿಕ್ಕನ್ನು ಕರೆಸಿ. ಒಳಗೆ ತುಕ್ಕೋ ನೀರೋ ಇರುವಾಗ ಎಳೆಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ.

ಸಲೀಸಾಗಿ ತಿರುಗಿದರೆ ತಂತಿಯನ್ನು ಮತ್ತೆ ಕಟ್ಟಿ, ಸೀಟಿನ ಮೇಲೆ ಕುಳಿತೇ ಕೀಲಿ ತಿರುಗಿಸಿ. ಕೆಳಗೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಅಡ್ಡ ಇಡುವ ಅಭ್ಯಾಸ ಬೇಡವೇ ಬೇಡ. ಗೇರಿನಲ್ಲಿದ್ದರೆ ಟ್ರಾಕ್ಟರು ನಿಮ್ಮ ಮೇಲೆಯೇ ಹರಿದೀತು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಒಂದು ನಿಮಿಷ ಬಿಟ್ಟು ನೋಡಿ. ಉತ್ತರ ಮೂರು ಬಗೆಯಲ್ಲಿ ಬರುತ್ತದೆ.

ಒಂದು: ಸ್ಟಾರ್ಟರ್ ಟಕ್ ಟಕ್ ಎಂದು ಸುಮ್ಮನಾಗುತ್ತದೆ. ಇದು ಬ್ಯಾಟರಿಯ ಕಡೆಯ ದೋಷ. 12 ವೋಲ್ಟಿನ ಬ್ಯಾಟರಿ ತುಂಬಿದ್ದಾಗ ಸುಮಾರು 12.6 ವೋಲ್ಟು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಖಾಲಿ ಎಂದೇ ಲೆಕ್ಕ. ಚಾರ್ಜು ಮಾಡಿಸಿ. ತುದಿಗಳಿಗೆ ಹತ್ತಿದ ಬಿಳಿ ಕಿಲುಬನ್ನು ಬಿಸಿನೀರಿನಿಂದ ತೊಳೆದು ಒಣಗಿಸಿ ಬಿಗಿಯಿರಿ. ಹತ್ತಿರ ಬೀಡಿ ಹಚ್ಚಬೇಡಿ. ಬ್ಯಾಟರಿಯಿಂದ ಏಳುವ ಗ್ಯಾಸು ಸಿಡಿಯುತ್ತದೆ.

ಎರಡು: ಇಂಜಿನ್ನು ಚೆನ್ನಾಗಿ ತಿರುಗುತ್ತದೆ, ಆದರೆ ಕೊಳವೆಯಲ್ಲಿ ಹೊಗೆಯೇ ಇಲ್ಲ. ಡೀಸಲ್ ಒಳಗೆ ಹೋಗುತ್ತಿಲ್ಲ ಎಂದರ್ಥ. ಮೊದಲು, ಎಳೆದು ನಿಲ್ಲಿಸುವ ಹಿಡಿಯನ್ನು ನೋಡಿ. ಹಿಡಿ ಒಳಗೆ ಹೋಗಿದ್ದರೂ ಪಂಪಿನ ಬಳಿ ಸನ್ನೆ ತುಕ್ಕು ಹಿಡಿದು ನಿಂತಿರುವುದುಂಟು. ಇದೊಂದನ್ನು ನೋಡದೆ ಪಂಪನ್ನೇ ಬಿಚ್ಚಿಸಿ ಹಣ ಕಳೆದುಕೊಂಡವರಿದ್ದಾರೆ. ಆಮೇಲೆ ಫಿಲ್ಟರಿನ ತಳದಿಂದ ನೀರು, ಕೆಸರು ಬಸಿಯಿರಿ. ಹಳೆಯ ಡೀಸಲ್ ಕೆಟ್ಟಿದ್ದರೆ ಬದಲಾಯಿಸಿ. ಕೊನೆಗೆ ಏರ್ ತೆಗೆಯಿರಿ: ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪನ್ನು ಒತ್ತುತ್ತಾ ಹೋಗಿ, ನೊರೆ ನಿಂತು ಡೀಸಲ್ ಗುಳ್ಳೆಯಿಲ್ಲದೆ ಹರಿದಾಗ ಬಿಗಿಯಿರಿ. ಪಂಪಿನ ಸ್ಕ್ರೂಗೂ ಹೀಗೆಯೇ ಮಾಡಿ. ನಾಜಲ್ಲಿನಿಂದ ಚಿಮ್ಮುವ ಡೀಸಲಿಗೆ ಮಾತ್ರ ಕೈ ಒಡ್ಡಬೇಡಿ, ಅದು ಚರ್ಮವನ್ನು ತೂರಿ ಒಳಹೋಗುತ್ತದೆ. ತೂರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೂರು: ಬಿಳಿ ಹೊಗೆ ಬರುತ್ತದೆ, ಆದರೆ ಇಂಜಿನ್ನು ಹಿಡಿಯುವುದಿಲ್ಲ. ಡೀಸಲ್ ತಲುಪಿದೆ, ಉರಿಯಲು ಬೇಕಾದ ಕಾವು ಸಾಲದು. ಬ್ಯಾಟರಿ ಸೋತು ಇಂಜಿನ್ನು ನಿಧಾನ ತಿರುಗುತ್ತಿದೆಯೇ, ಗಾಳಿಯ ದಾರಿ ಕಟ್ಟಿದೆಯೇ ನೋಡಿ. ಎರಡೂ ಸರಿಯಿದ್ದರೆ ರಿಂಗು ಅಂಟಿಯೋ ವಾಲ್ವು ಕೂರದೆಯೋ ಕಂಪ್ರೆಷನ್ ಇಳಿದಿರಬಹುದು. ಇದು ಮೆಕ್ಯಾನಿಕ್ಕಿನ ಕೆಲಸ. ಆದರೆ ನೀವು ಕಂಡದ್ದನ್ನು ಅವರಿಗೆ ಹೇಳಿದರೆ ಎಲ್ಲವನ್ನೂ ಬಿಚ್ಚುವ ಖರ್ಚು ಉಳಿಯುತ್ತದೆ.

ಮುಂದೆ ಟ್ರಾಕ್ಟರನ್ನು ನಿಲ್ಲಿಸುವಾಗ ಟ್ಯಾಂಕು ತುಂಬಿಸಿ, ಹೊಗೆ ಕೊಳವೆಗೆ ಡಬ್ಬಿ ಮುಚ್ಚಿ, ಬ್ಯಾಟರಿಯ ತಂತಿ ಬಿಚ್ಚಿಡಿ. ತಿಂಗಳಿಗೊಮ್ಮೆಯಾದರೂ ಎಲ್ಲ ಸರಿಮಾಡಿ, ಬಯಲಿನಲ್ಲಿ ಇಂಜಿನ್ನು ಬಿಸಿಯಾಗುವವರೆಗೆ ಓಡಿಸಿ. ಹದ ಬರುವ 15 ದಿನ ಮೊದಲೇ ಒಮ್ಮೆ ಶುರುಮಾಡಿ ನೋಡಿದರೆ, ಮಳೆ ಬಿದ್ದ ದಿನ ಮೆಕ್ಯಾನಿಕ್ಕಿನ ಬಾಗಿಲು ಕಾಯುವುದು ತಪ್ಪುತ್ತದೆ.